ಸ್ಟ್ರಾಟೆಜಿಕ್ ಪ್ಲಾನ್ ಎಂಬ ಫೈಲು ಯಾರಿಗಾಗಿ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ತಂಡ ಬರುವ ಸುದ್ದಿ ಬಂದರೆ ಸಾಕು, ಕಾಲೇಜಿನ ಗೋಡೆಗಳಿಗೆ ಬಣ್ಣ ಬೀಳುತ್ತದೆ, ಮೇಜಿನ ಮೇಲೆ ಹೊಸ ಫೈಲುಗಳು ಸಾಲುಗಟ್ಟುತ್ತವೆ. ಅವುಗಳಲ್ಲೊಂದರ ಮೇಲೆ ‘ಸ್ಟ್ರಾಟೆಜಿಕ್ ಪ್ಲಾನ್’ ಎಂದಿರುತ್ತದೆ. ತಂಡ ಹೊರಟ ಮೇಲೆ ಅದು ಬೀರು ಸೇರುವುದೂ ಉಂಟು. ಹೀಗಾಗಿ ಇದೆಲ್ಲ ಗ್ರೇಡಿಗಾಗಿ ಬರೆಯುವ ಕಾಗದ ಎಂಬ ನಂಬಿಕೆ ಅಧ್ಯಾಪಕರಲ್ಲೂ ಬೇರೂರಿದೆ.

ನ್ಯಾಕ್‌ನ ಏಳು ಮಾನದಂಡಗಳನ್ನು ಓದಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಆಡಳಿತ, ನಾಯಕತ್ವಕ್ಕೆ ಸಂಬಂಧಿಸಿದ ಆರನೆಯ ಮಾನದಂಡ ಕೇಳುವುದೇ ಯೋಜನೆ ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂದು.

ಇನ್ನೊಂದು ನಂಬಿಕೆ: ಯೋಜನೆಯೆಂದರೆ ಭವಿಷ್ಯವಾಣಿ, ಬರೆದದ್ದು ಆಗದಿದ್ದರೆ ಅದು ಸೋತ ಹಾಗೆ. ಇದನ್ನು ಪರೀಕ್ಷಿಸಲು ಬೆಂಗಳೂರಿನ ಮತ್ತಿಕೆರೆಯಿಂದ ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಜನರ ಬಾಯಲ್ಲಿ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’.

ಜೆಮ್‌ಶೆಟ್‌ಜಿ ಟಾಟಾ ಅವರ ಕನಸಿಗೆ ಕರಡಿನ ರೂಪ ಕೊಡಲು ದುಡಿದವರು ಬುರ್ಜೋರ್ಜಿ ಪಾದ್‌ಶಾ. 1898ರ ಡಿಸೆಂಬರ್ 31ರಂದು ಆ ಕರಡು, ಆಗಷ್ಟೇ ಮುಂಬೈಗೆ ಬಂದಿಳಿದಿದ್ದ ನಿಯೋಜಿತ ವೈಸ್‌ರಾಯ್ ಕರ್ಜನ್ ಕೈ ಸೇರಿತು. ಅದರಲ್ಲಿ ಮೂರು ವಿಭಾಗಗಳಿದ್ದವು: ವಿಜ್ಞಾನ–ತಂತ್ರಜ್ಞಾನ, ವೈದ್ಯಕೀಯ, ತತ್ತ್ವಶಾಸ್ತ್ರ–ಶಿಕ್ಷಣ. ಓದಲು ಯಾರು ಬರುತ್ತಾರೆ, ಓದಿದವರಿಗೆ ಕೆಲಸ ಎಲ್ಲಿದೆ ಎಂದು ಕರ್ಜನ್ ಅನುಮಾನಪಟ್ಟರು. ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ದೇಶ ಸುತ್ತಿ, ಬೆಂಗಳೂರೇ ತಕ್ಕ ಜಾಗ ಎಂದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. ಟಾಟಾ 1904ರಲ್ಲೇ ತೀರಿಕೊಂಡಿದ್ದರು. 1911ರಲ್ಲಿ ವಿದ್ಯಾರ್ಥಿಗಳು ಬಂದಾಗ ಅಲ್ಲಿದ್ದದ್ದು ಸಾಮಾನ್ಯ ರಸಾಯನಶಾಸ್ತ್ರ, ಅನ್ವಯಿಕ ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ. ವೈದ್ಯಕೀಯವೂ ಇಲ್ಲ, ತತ್ತ್ವಶಾಸ್ತ್ರವೂ ಇಲ್ಲ.

ಭವಿಷ್ಯವಾಣಿಯಾಗಿ ನೋಡಿದರೆ ಕರಡು ಸುಳ್ಳಾಯಿತು. ಆದರೆ ಒಬ್ಬರ ಆಸೆಯನ್ನು ಹತ್ತು ಜನ ತೂಗಿ ನೋಡಿ, ಕತ್ತರಿಸಿ, ಹಣ–ಜಮೀನು ಕೊಡಬಹುದಾದ ಪ್ರಸ್ತಾವವನ್ನಾಗಿ ಮಾಡಿದ್ದು ಅದೇ ಕರಡು. ಕನಸು ಕಂಡವರು ಹೋದ ಮೇಲೂ ಕೆಲಸ ನಿಲ್ಲದೇ ಇದ್ದದ್ದಕ್ಕೆ ಅದು ಕಾಗದದ ಮೇಲಿದ್ದದ್ದೂ ಒಂದು ಕಾರಣ. ಅಂದು ಕೈಬಿಟ್ಟ ವೈದ್ಯಕೀಯಕ್ಕೆ ಅಲ್ಲಿ ಜಾಗ ಸಿಗಲು ಶತಮಾನವೇ ಬೇಕಾಯಿತು: 2022ರ ಫೆಬ್ರವರಿಯಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 800 ಹಾಸಿಗೆಗಳ ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ದಾನ ಘೋಷಿಸಿದರು.

ಯೋಜನೆ ಆಡಳಿತ ಮಂಡಳಿಯ ವಿಷಯ, ವಿದ್ಯಾರ್ಥಿಗಳಿಗೇಕೆ ಎಂಬ ಮಾತೂ ಇದೆ. ಇದೇ ಹೆಚ್ಚು ಹಾನಿ ಮಾಡುವ ನಂಬಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಸಂಸ್ಥೆಯೂ ಅಭಿವೃದ್ಧಿ ಯೋಜನೆ ರೂಪಿಸಬೇಕೆನ್ನುತ್ತದೆ. ಅದನ್ನು ಬರೆಯುವಾಗ ಮಂಡಳಿಯವರ ಜೊತೆ ಅಧ್ಯಾಪಕರು, ವಿದ್ಯಾರ್ಥಿಗಳು, ಸಿಬ್ಬಂದಿ ಎಲ್ಲರೂ ಇರಬೇಕು ಎಂದೂ ಸ್ಪಷ್ಟವಾಗಿ ಹೇಳುತ್ತದೆ. ಮತ್ತಿಕೆರೆಯ ಪಿಜಿಯಲ್ಲಿದ್ದು ಓದುವ ಹುಡುಗಿಗೆ ಹಾಸ್ಟೆಲ್ ಯಾವ ವರ್ಷ ಏಳುತ್ತದೆ, ಹೊಸ ಲ್ಯಾಬಿಗೆ ದುಡ್ಡು ಎಲ್ಲಿಂದ, ಯಾವ ಕೋರ್ಸು ಮುಚ್ಚುತ್ತದೆ ಎಂಬುದು ಅವಳ ಶುಲ್ಕಕ್ಕೂ ಭವಿಷ್ಯಕ್ಕೂ ಸೇರಿದ ವಿಚಾರ. ಅದಕ್ಕೆಲ್ಲ ಉತ್ತರ ಇರಬೇಕಾದದ್ದು ಆ ಫೈಲಿನಲ್ಲೇ. ಅದನ್ನು ಕೇಳಿ ಪಡೆದು ಓದುವ ಹಕ್ಕು ಅವಳಿಗಿದೆ.