ಬಿಪಿ ಸರಿಯಾಗಿದೆ ಅಂದ್ರೆ ಅಪಾಯ ಇಲ್ಲ ಅಂತಲ್ಲ: ಅಪಘಾತ, ರಕ್ತಸ್ರಾವ ಮತ್ತು ಶಾಕ್

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಓದೋ ಹಾಗೆ ಕೊಡಿ ಅಂತ ತುಂಬ ಜನ ಕೇಳಿದ್ರಿ. ಅದಕ್ಕೇ ಈ ಬರಹ.

ನಾನು ಪುಣೆಯಲ್ಲಿ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಕೆಲಸ ಮಾಡೋ ಡಾಕ್ಟರ್. ಅಪಘಾತ ಆಗಿ ಬಂದವರ ಮನೆಯವರಿಗೆ ನಾವು 'ಪೇಷಂಟ್ ಶಾಕ್‌ನಲ್ಲಿದ್ದಾರೆ' ಅಂದ್ರೆ, 'ಹೌದು ಡಾಕ್ಟ್ರೇ, ಪಾಪ ತುಂಬಾ ಹೆದರಿಬಿಟ್ಟಿದ್ದಾರೆ' ಅಂತಾರೆ. ವೈದ್ಯರು ಹೇಳೋ ಶಾಕ್ ಹೆದರಿಕೆ ಅಲ್ಲ, ಕರೆಂಟ್ ಹೊಡೆಯೋದೂ ಅಲ್ಲ. ಮೆದುಳು, ಕಿಡ್ನಿ, ಹೃದಯ ಇವಕ್ಕೆಲ್ಲ ಬೇಕಾದಷ್ಟು ರಕ್ತ, ಅದರ ಜೊತೆ ಆಮ್ಲಜನಕ, ತಲುಪ್ತಾ ಇಲ್ಲ ಅಂತ ಅದರ ಅರ್ಥ. ಪೆಟ್ಟು ತಿಂದವರಲ್ಲಿ ಇದಕ್ಕೆ ಮುಖ್ಯ ಕಾರಣ ರಕ್ತಸ್ರಾವ.

ಬಿಪಿ ಯಾಕೆ ಮೋಸ ಮಾಡುತ್ತೆ?

ಸುಮಾರು 70 ಕೆಜಿ ತೂಕದ ವಯಸ್ಕರ ಮೈಯಲ್ಲಿ 5 ಲೀಟರ್ ರಕ್ತ ಇರುತ್ತೆ. ರಕ್ತದಾನದಲ್ಲಿ ತೆಗೆಯೋದು 350 ಅಥವಾ 450 ಮಿಲಿ. ಕೊಟ್ಟವರು ಸ್ವಲ್ಪ ಹೊತ್ತು ಕೂತು, ಜ್ಯೂಸ್ ಕುಡಿದು ಎದ್ದು ಹೋಗ್ತಾರೆ. ಸುಮಾರು 750 ಮಿಲಿ ಹೋಗೋವರೆಗೂ ದೇಹ ಹೇಗೋ ಸಂಭಾಳಿಸುತ್ತೆ. ಅದನ್ನು ದಾಟಿದ್ರೆ ಹೃದಯ ಬೇಗ ಬೇಗ ಬಡಿಯೋಕೆ ಶುರು ಮಾಡುತ್ತೆ. ಕೈಕಾಲು, ಚರ್ಮದ ರಕ್ತನಾಳಗಳು ಬಿಗಿಯಾಗಿ, ಇರೋ ರಕ್ತ ಮೆದುಳು, ಹೃದಯದ ಕಡೆ ತಿರುಗುತ್ತೆ. ಈ ಹಂತದಲ್ಲಿ ಬಿಪಿ ಮೆಷಿನ್ ಇಟ್ಟರೆ ಮೇಲಿನ ಅಂಕಿ ಹೆಚ್ಚುಕಡಿಮೆ ಸರಿಯಾಗೇ ತೋರಿಸಬಹುದು. ಅದು ಸ್ಪಷ್ಟವಾಗಿ ಇಳಿಯೋದು ಸಾಮಾನ್ಯವಾಗಿ ಸುಮಾರು ಒಂದೂವರೆ ಲೀಟರ್, ಅಂದ್ರೆ ಮೈಯ ರಕ್ತದಲ್ಲಿ 30 ಪರ್ಸೆಂಟ್ ಹೋದ ಮೇಲೆ. ವಯಸ್ಸಿನ ಹುಡುಗರಲ್ಲಿ ಈ ಶಕ್ತಿ ಜಾಸ್ತಿ. ಮಾತಾಡ್ತಾ ಇದ್ದ ಹುಡುಗ ನೋಡನೋಡ್ತಾ ಕುಸಿದುಬಿಡೋದು ಇದಕ್ಕೇ.

ಹಾಗಾಗಿ ಮೆಷಿನ್‌ಗಿಂತ ಮೊದಲು ಮನುಷ್ಯನನ್ನು ನೋಡಿ. ಕೈ ತಣ್ಣಗಿದೆಯಾ, ಬೆವರಿದೆಯಾ? ಮುಖ ಬಿಳಿಚಿಕೊಂಡಿದೆಯಾ? ನಾಡಿ ನಿಮಿಷಕ್ಕೆ 100 ದಾಟಿದೆಯಾ? ಉಸಿರಾಟ ಜೋರಾಗಿದೆಯಾ? ಬೆರಳಿನ ಉಗುರನ್ನು 5 ಸೆಕೆಂಡ್ ಒತ್ತಿ ಬಿಡಿ. 2 ಸೆಕೆಂಡ್ ಒಳಗೆ ಕೆಂಪು ವಾಪಸ್ ಬರಬೇಕು. ಚಳಿಯಲ್ಲಿ ಇದು ತಪ್ಪು ತೋರಿಸಬಹುದು, ಆದ್ದರಿಂದ ಇದೊಂದನ್ನೇ ನಂಬಬೇಡಿ. ಎಲ್ಲಕ್ಕಿಂತ ಮುಖ್ಯ, ಮನಸ್ಸಿನ ಸ್ಥಿತಿ. ಸುಮ್ಮನೆ ಚಡಪಡಿಸೋದು, 'ಬಿಡಿ ನನ್ನ, ಮನೆಗೆ ಹೋಗ್ತೀನಿ' ಅಂತ ರೇಗೋದು, ಕೇಳಿದ್ದನ್ನೇ ಕೇಳೋದು, ಆಮೇಲೆ ಮಂಪರು. 'ಕುಡಿದಿರಬೇಕು' ಅಂತ ಪಕ್ಕಕ್ಕೆ ಸರೀಬೇಡಿ, ಮೆದುಳಿಗೆ ರಕ್ತ ಸಾಲದೇ ಇರಬಹುದು. ವಯಸ್ಸಾದವರು ಕೆಲವು ಬಿಪಿ ಮಾತ್ರೆ ತಗೊಳ್ತಿದ್ರೆ ಅವರ ನಾಡಿ ಜೋರಾಗದೇ ಇರಬಹುದು, ಅದೂ ನೆನಪಿರಲಿ.

ಕಾಣದ ರಕ್ತ

ರಸ್ತೆ ಮೇಲೆ ರಕ್ತ ಇಲ್ಲ, ಸದ್ಯ ಏನೂ ಆಗಿಲ್ಲ ಅನ್ನಬೇಡಿ. ಎದೆ, ಹೊಟ್ಟೆ, ಸೊಂಟದ ಮೂಳೆಯ ಸುತ್ತ, ತೊಡೆ, ಈ ನಾಲ್ಕು ಕಡೆ ಲೀಟರ್‌ಗಟ್ಟಲೆ ರಕ್ತ ಒಳಗೇ ಸೇರಿಕೊಳ್ಳಬಹುದು. ಒಂದು ತೊಡೆಮೂಳೆ ಮುರಿದರೇ ಒಂದು ಲೀಟರ್‌ಗೂ ಹೆಚ್ಚು ಹೋಗಬಹುದು. ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಡಿದು, ಮೇಲೆ ಒಂದು ತರಚು ಗಾಯವೂ ಇಲ್ಲದೆ, ಒಳಗೆ ಗುಲ್ಮ ಒಡೆದಿರಬಹುದು. ಈ ರಕ್ತಸ್ರಾವವನ್ನು ರಸ್ತೆಯಲ್ಲಿ ನಾವ್ಯಾರೂ ನಿಲ್ಲಿಸೋಕಾಗಲ್ಲ. ಬೇಗ ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಸೇರಿಸೋದೇ ಚಿಕಿತ್ಸೆ.

ಕಾಣೋ ರಕ್ತಕ್ಕೆ ಏನ್ ಮಾಡ್ಬೇಕು?

ಮೊದಲು ನೀವು ವಾಹನಗಳ ದಾರಿಯಲ್ಲಿ ನಿಂತಿಲ್ಲ ಅಂತ ನೋಡಿಕೊಳ್ಳಿ. ಒಬ್ಬರಿಗೆ ಬೆರಳು ತೋರಿಸಿ 112ಕ್ಕೆ ಫೋನ್ ಮಾಡೋಕೆ ಹೇಳಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ ಆಂಬ್ಯುಲೆನ್ಸ್‌ಗೆ 108 ಕೂಡ ಇದೆ. ಭಾಷೆ ಬರಲ್ಲ ಅಂತ ಹಿಂಜರೀಬೇಡಿ. 'ರಕ್ತಸ್ರಾವ' ಅನ್ನೋ ನಮ್ಮ ಪದ ಮರಾಠಿ, ಹಿಂದಿ, ತೆಲುಗಿನವರಿಗೂ ಅರ್ಥ ಆಗುತ್ತೆ.

ಆಮೇಲೆ ಶುಭ್ರವಾದ ಬಟ್ಟೆ, ಇಲ್ಲದಿದ್ರೆ ಸಿಕ್ಕಿದ ದುಪಟ್ಟಾ, ಟವೆಲ್ ಗಾಯದ ಮೇಲಿಟ್ಟು ಎರಡೂ ಕೈಯಿಂದ, ಮೈಭಾರ ಹಾಕಿ ಒತ್ತಿ. ತೊಡೆ, ತೋಳಿನ ಗಾಯ ಆಳವಾಗಿದ್ರೆ ಬಟ್ಟೆಯನ್ನು ಒಳಗೇ ತುಂಬಿ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಹಾಗೆ ತುಂಬಬಾರದು. 'ನಿಂತಿತಾ' ಅಂತ ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ, ಆಗಷ್ಟೇ ಕಟ್ಟಿಕೊಳ್ತಿರೋ ಹೆಪ್ಪು ಕಿತ್ತುಹೋಗುತ್ತೆ. ಸಹಾಯ ಬರೋವರೆಗೂ ಕೈ ತೆಗೀಬೇಡಿ. ಕಂಬಿ, ಗಾಜು ಚುಚ್ಚಿಕೊಂಡಿದ್ರೆ ಎಳೀದೆ ಅದರ ಅಕ್ಕಪಕ್ಕ ಒತ್ತಿ.

ಒತ್ತಿದ್ರೂ ಕೈಕಾಲಿನ ರಕ್ತ ನಿಲ್ಲದಿದ್ರೆ, ಅಥವಾ ಕೈಕಾಲೇ ತುಂಡಾಗಿದ್ರೆ ಮಾತ್ರ ಟೂರ್ನಿಕೆ. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಮಂಡಿ, ಮೊಣಕೈ ಬಿಟ್ಟು, ಅಗಲದ ಪಟ್ಟಿ ಕಟ್ಟಿ, ಕೋಲು ಸಿಕ್ಕಿಸಿ, ರಕ್ತ ನಿಲ್ಲೋವರೆಗೂ ತಿರುವಿ. ಹಗ್ಗ, ವೈರ್ ಬೇಡ. ಕಟ್ಟಿದ ಸಮಯ ಬರೆದಿಡಿ. ನೋವು ಅಂತ ಕೂಗಿದ್ರೂ ನಡುವೆ ಸಡಿಲ ಮಾಡಬೇಡಿ.

ಇನ್ನು ನಮ್ಮವರ ಅಭ್ಯಾಸಗಳು. ಗಾಯಕ್ಕೆ ಅರಿಶಿನ, ಕಾಫಿಪುಡಿ ಹಾಕೋದು ಬೇಡ. ನೀರು ಕುಡಿಸೋದಂತೂ ಬೇಡವೇ ಬೇಡ. ಶಾಕ್‌ನಲ್ಲಿ ಬಾಯಾರಿಕೆ ಆಗುತ್ತೆ, ಕೇಳ್ತಾರೆ, ಕರುಳು ಚುರುಕ್ ಅನ್ನುತ್ತೆ. ಆದ್ರೆ ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗಬಹುದು, ಜೊತೆಗೆ ತಕ್ಷಣ ಆಪರೇಷನ್ ಕೂಡ ಬೇಕಾಗಬಹುದು. ತುಟಿ ಒದ್ದೆ ಮಾಡಿದ್ರೆ ಸಾಕು. ಮಲಗಿಸಿ, ಬೆಚ್ಚಗೆ ಹೊದಿಸಿ. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟೋದು ಕಷ್ಟ.

ಆಸ್ಪತ್ರೆಯಲ್ಲಿ

ಬರೀ ಸಲೈನ್ ಬಾಟಲಿ ಮೇಲೆ ಬಾಟಲಿ ಏರಿಸಿದ್ರೆ ಉಳಿದ ರಕ್ತ ತೆಳುವಾಗುತ್ತೆ. ಹೋದ ರಕ್ತಕ್ಕೆ ರಕ್ತವೇ ಬೇಕು, ಸೋರೋ ಜಾಗ ಮುಚ್ಚಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಔಷಧಿ ಕೂಡ ಇದೆ. 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಅಧ್ಯಯನದಲ್ಲಿ ಭಾರತದ ಆಸ್ಪತ್ರೆಗಳೂ ಇದ್ದವು. ಈ ಔಷಧಿ ಸಾವನ್ನು ಕಡಿಮೆ ಮಾಡುತ್ತೆ ಅಂತ 2010ರಲ್ಲಿ ಅದರ ಫಲಿತಾಂಶ ಬಂತು. ಆದ್ರೆ ಪೆಟ್ಟಾದ 3 ಗಂಟೆಯೊಳಗೆ ಕೊಡಬೇಕು, ತಡವಾದ್ರೆ ಉಪಯೋಗ ಇಲ್ಲ, ತೊಂದರೆಯೂ ಆಗಬಹುದು. ಅದಕ್ಕೇ ಅಪಘಾತ ಎಷ್ಟು ಹೊತ್ತಿಗೆ ಆಯ್ತು ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

'ಪೊಲೀಸ್ ಕೇಸ್ ಆಗುತ್ತೆ, ನಮ್ಮ ಊರೂ ಅಲ್ಲ' ಅಂತ ಹಿಂದೆ ಸರಿಯೋರಿಗೆ ಒಂದು ಮಾತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ, ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತೆ. ಹೆಸರು, ವಿಳಾಸ ಕೊಡಲೇಬೇಕು ಅಂತ ಪೊಲೀಸರಾಗಲೀ ಆಸ್ಪತ್ರೆಯವರಾಗಲೀ ಬಲವಂತ ಮಾಡುವ ಹಾಗಿಲ್ಲ. ಯಾವ ಊರಲ್ಲಿದ್ರೂ ಧೈರ್ಯವಾಗಿ ಮುಂದೆ ಹೋಗಿ.

ಇವತ್ತು ಮನೆಯವರೆಲ್ಲ ಕೂತು ಒಬ್ಬರ ನಾಡಿ ಒಬ್ಬರು ಎಣಿಸಿ, ಉಗುರು ಒತ್ತಿ ನೋಡಿ. ಆರೋಗ್ಯವಾಗಿರೋ ಕೈ ಹೇಗಿರುತ್ತೆ ಅಂತ ಗೊತ್ತಿದ್ರೆ, ತಣ್ಣಗಾಗ್ತಿರೋ ಕೈ ಬೇಗ ಗೊತ್ತಾಗುತ್ತೆ. ಮುಂದಿನ ಮಾತುಕತೆಯಲ್ಲಿ ಸಿಗೋಣ.