ದಪ್ಪಗಿದ್ದೇನೆ ಎಂಬ ಅಳುಕೇ? ಇಂಟರ್‌ವ್ಯೂಗೆ ಹೀಗೆ ತಯಾರಾಗಿ

ಇಂಟರ್‌ವ್ಯೂ ಕಾಲ್ ಬಂದ ಖುಷಿ ಕೆಲವರಿಗೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ‘ಫಾರ್ಮಲ್ ಶರ್ಟ್ ಬಿಗಿಯಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಒಳಗೆ ಹೋದ ಕೂಡಲೇ ಅವರ ಕಣ್ಣು ನನ್ನ ಹೊಟ್ಟೆ ಮೇಲೇ ಬೀಳುತ್ತದೆ’ ಎಂಬ ಯೋಚನೆ ಶುರುವಾಗುತ್ತದೆ. ಈ ಅಳುಕಿನಿಂದ ಅರ್ಜಿಯನ್ನೇ ಹಾಕದವರಿದ್ದಾರೆ. ‘ಇನ್ನೊಂದು 10 ಕೆಜಿ ಇಳಿಸಿದ ಮೇಲೆ ನೋಡೋಣ’ ಎಂದು ಮುಂದೂಡುವವರೂ ಇದ್ದಾರೆ. ಅಷ್ಟರಲ್ಲಿ ಆ ಹುದ್ದೆ ಬೇರೆಯವರ ಪಾಲಾಗಿರುತ್ತದೆ.

ಈ ವಿಷಯದಲ್ಲಿ ನೀವು ಒಂಟಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 24ರಷ್ಟು, ಪುರುಷರಲ್ಲಿ ಸುಮಾರು ಶೇ 23ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಇರುವವರು. ನಿಮ್ಮನ್ನು ಸಂದರ್ಶಿಸುವವರಲ್ಲೂ ಅಂಥವರು ಇರಬಹುದು.

ಎಲ್ಲರೂ ನನ್ನನ್ನೇ ನೋಡುತ್ತಾರಾ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2000ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹಾಕಿಕೊಳ್ಳಲು ಮುಜುಗರವಾಗುವ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಇತರರಿದ್ದ ಕೋಣೆಗೆ ಕಳಿಸಲಾಯಿತು. ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದು ಅವರು ಅಂದಾಜಿಸಿದ್ದರು. ನಿಜವಾಗಿ ಗಮನಿಸಿದವರು ಅದರ ಅರ್ಧದಷ್ಟು ಮಾತ್ರ! ನಮ್ಮ ಬಗ್ಗೆ ನಮಗಿರುವಷ್ಟು ಗಮನ ಬೇರೆಯವರಿಗೆ ಇರುವುದಿಲ್ಲ.

ಹಾಗೆಂದು ಪೂರ್ವಗ್ರಹವೇ ಇಲ್ಲ ಎಂದಲ್ಲ. ದಪ್ಪಗಿರುವವರು ಸೋಮಾರಿಗಳು ಎಂಬ ತಪ್ಪು ಕಲ್ಪನೆ ನೇಮಕಾತಿಯಲ್ಲೂ ಕೆಲಸ ಮಾಡುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಅದು ಅಭ್ಯರ್ಥಿಯ ತಪ್ಪಲ್ಲ. ಸಂದರ್ಶಕರ ಮನಸ್ಸು ನಿಮ್ಮ ಕೈಯಲ್ಲಿಲ್ಲ, ಆದರೆ ನಿಮ್ಮ ಉತ್ತರ ನಿಮ್ಮ ಕೈಯಲ್ಲಿದೆ. ದೇಹದ ಚಿಂತೆಗಳನ್ನು ಹಿಂದಿನ ದಿನವೇ ಮುಗಿಸಿಕೊಂಡರೆ ಇಂಟರ್‌ವ್ಯೂ ದಿನ ಪೂರ್ತಿ ಗಮನ ಉತ್ತರಗಳ ಮೇಲಿರುತ್ತದೆ.

ಬಟ್ಟೆ: ಕೂತು ನೋಡಿ

* ಈಗಿನ ಅಳತೆಗೆ ಸರಿಹೊಂದುವ ಬಟ್ಟೆ ಆರಿಸಿ. ‘ಸಣ್ಣಗಾದ ಮೇಲೆ ಹಾಕೋಣ’ ಎಂದು ತೆಗೆದಿಟ್ಟದ್ದು ಬೇಡ. ರೆಡಿಮೇಡ್ ಸಿಗದಿದ್ದರೆ ಟೈಲರ್ ಬಳಿ ಒಂದು ಜೊತೆ ಹೊಲಿಸಿಟ್ಟುಕೊಳ್ಳಿ.
* ಕನ್ನಡಿ ಮುಂದೆ ನಿಂತರೆ ಸಾಲದು. ಬಟ್ಟೆ ಹಾಕಿಕೊಂಡು 20 ನಿಮಿಷ ಕುರ್ಚಿಯಲ್ಲಿ ಕೂರಿ. ಗುಂಡಿಗಳ ನಡುವೆ ಬಟ್ಟೆ ಬಾಯಿಬಿಡುತ್ತದೆಯೇ, ಸೊಂಟ ಒತ್ತುತ್ತದೆಯೇ ಎಂಬುದು ಆಗಲೇ ತಿಳಿಯುವುದು.
* ಸೀರೆ, ಕುರ್ತಾ ಯಾವುದಾದರೂ ಸರಿ, ಮೊದಲೇ ಒಮ್ಮೆಯಾದರೂ ಉಟ್ಟು ಅಭ್ಯಾಸವಿರಲಿ.

ಪ್ರಯಾಣ, ಊಟ, ಕುರ್ಚಿ

* ಮುಂಬೈ ಲೋಕಲ್‌ನ ನೂಕುನುಗ್ಗಲಿರಲಿ, ಚೆನ್ನೈನ ಸೆಕೆಯಿರಲಿ, ಬೆವರು ಎಲ್ಲರಿಗೂ ಬರುತ್ತದೆ. ಅರ್ಧ ಗಂಟೆ ಮೊದಲೇ ತಲುಪಿ, ನೀರು ಕುಡಿದು, ಮುಖ ಒರೆಸಿಕೊಂಡು, ಉಸಿರು ಹದಕ್ಕೆ ಬಂದ ಮೇಲೆ ರಿಸೆಪ್ಷನ್‌ಗೆ ಹೋಗಿ. ಲಿಫ್ಟ್ ಇದ್ದರೆ ಬಳಸಿ.
* ವಾರದಲ್ಲಿ ತೂಕ ಇಳಿಸಲು ಊಟ ಬಿಡಬೇಡಿ. ಹಸಿವು, ಸುಸ್ತಿನಲ್ಲಿ ಗೊತ್ತಿರುವ ಉತ್ತರವೂ ನೆನಪಾಗುವುದಿಲ್ಲ.
* ಕೈಗಳಿರುವ ಕುರ್ಚಿ ಇಕ್ಕಟ್ಟೆನಿಸಿದರೆ, ‘ಆ ಕುರ್ಚಿಯಲ್ಲಿ ಕೂರಬಹುದೇ?’ ಎಂದು ಸಹಜವಾಗಿ ಕೇಳಿ. ಕಾರಣ ಹೇಳಬೇಕಿಲ್ಲ.
* ವಿಡಿಯೊ ಇಂಟರ್‌ವ್ಯೂ ಆದರೆ ಲ್ಯಾಪ್‌ಟಾಪ್ ಕೆಳಗೆ ಪುಸ್ತಕಗಳನ್ನಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಬೆಳಕು ಎದುರಿನಿಂದ ಬರಲಿ. ಪರದೆಯಲ್ಲಿ ನಿಮ್ಮ ಚಿತ್ರ ಕಂಡು ಕಸಿವಿಸಿಯಾದರೆ ‘ಹೈಡ್ ಸೆಲ್ಫ್ ವ್ಯೂ’ ಆಯ್ಕೆ ಬಳಸಿ.

ಉತ್ತರದಲ್ಲಿ ತೂಕವಿರಲಿ

‘ನಾನು ಶ್ರಮಜೀವಿ’ ಎನ್ನುವ ಬದಲು ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಫಲ ಏನಾಯಿತು ಎಂಬ ನಾಲ್ಕು ಹಂತಗಳಲ್ಲಿ ಒಂದು ಘಟನೆ ಹೇಳಿ. ಇಂಥ ನಾಲ್ಕೈದು ಘಟನೆಗಳನ್ನು ಅಂಕಿಅಂಶ ಸಹಿತ ಸಿದ್ಧಪಡಿಸಿಕೊಂಡು ಜೋರಾಗಿ ಹೇಳಿ ಅಭ್ಯಾಸ ಮಾಡಿ. ಸೋಮಾರಿ ಎಂಬ ಕಲ್ಪನೆಗೆ ಮಾಡಿದ ಕೆಲಸದ ಲೆಕ್ಕವೇ ಉತ್ತರ. ನಗಿಸಲೆಂದು ನಿಮ್ಮ ದೇಹದ ಬಗ್ಗೆ ನೀವೇ ಜೋಕ್ ಮಾಡಿಕೊಳ್ಳಬೇಡಿ. ಮಾತು ಕೆಲಸದಿಂದ ತೂಕದ ಕಡೆ ತಿರುಗಲು ಅದೇ ದಾರಿಯಾಗುತ್ತದೆ.

ತೂಕದ ಬಗ್ಗೆ ಕೇಳಿದರೆ?

ಪೊಲೀಸ್, ಸೇನೆ, ವಿಮಾನದ ಕ್ಯಾಬಿನ್ ಸಿಬ್ಬಂದಿಯಂಥ ಹುದ್ದೆಗಳಿಗೆ ದೈಹಿಕ ಮಾನದಂಡಗಳಿರುತ್ತವೆ. ಅರ್ಜಿ ಹಾಕುವ ಮೊದಲೇ ಅಧಿಸೂಚನೆ ಓದಿಕೊಳ್ಳಿ. ಅಕೌಂಟ್ಸ್, ಸಾಫ್ಟ್‌ವೇರ್, ಬೋಧನೆಯಂಥ ಕೆಲಸಗಳಲ್ಲಿ ತೂಕ ಅರ್ಹತೆಯ ವಿಷಯವಲ್ಲ. ಆದರೂ ‘ಇಷ್ಟು ಓಡಾಟ ನಿಮಗೆ ಆಗುತ್ತಾ?’ ಎಂಬ ಪ್ರಶ್ನೆ ಬರಬಹುದು. ಆಗ, ‘ದಿನಕ್ಕೆ ಎಷ್ಟು ಓಡಾಟ ಇರುತ್ತದೆ ಸರ್? ಹಿಂದಿನ ಕೆಲಸದಲ್ಲಿ ವಾರಕ್ಕೆ ಐದು ದಿನ ಫೀಲ್ಡ್‌ನಲ್ಲೇ ಇದ್ದೆ’ ಎಂಬಂತೆ ನಿಮ್ಮ ನಿಜವಾದ ಅನುಭವವನ್ನೇ ಮುಂದಿಡಿ.

ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಮುಂತಾದ ಆಧಾರದ ತಾರತಮ್ಯವನ್ನು ಸಂವಿಧಾನದ 16ನೇ ವಿಧಿ ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ತೂಕದ ಹೆಸರಿಲ್ಲ. ಅಮೆರಿಕದ ಮಿಷಿಗನ್ ರಾಜ್ಯ 1976ರ ಕಾಯ್ದೆಯಲ್ಲೇ ತೂಕವನ್ನು ಸೇರಿಸಿದೆ. ನ್ಯೂಯಾರ್ಕ್ ನಗರ 2023ರಲ್ಲಿ ಇಂಥದ್ದೇ ಕಾನೂನು ತಂದಿತು.

ಅವಹೇಳನದ ಮಾತು ಬಂದರೆ ಅಲ್ಲೇ ವಾದಕ್ಕಿಳಿಯಬೇಕಿಲ್ಲ. ‘ಹುದ್ದೆಯ ಬಗ್ಗೆ ಮಾತಾಡೋಣವೇ?’ ಎಂದು ಕೇಳಿ. ಹೊರಬಂದ ಮೇಲೆ ದಿನಾಂಕ, ಆಡಿದ ಮಾತು ಬರೆದಿಟ್ಟುಕೊಂಡು ಎಚ್‌ಆರ್ ವಿಭಾಗಕ್ಕೆ ಇಮೇಲ್ ಮಾಡಬಹುದು. ಆಫರ್ ಬಂದರೂ ಅಂಥ ಕಡೆ ಕೆಲಸ ಮಾಡಬೇಕೇ ಎಂಬ ತೀರ್ಮಾನ ನಿಮ್ಮದು.

ಆಯ್ಕೆಯಾಗದಿದ್ದರೆ ತೂಕವೇ ಕಾರಣ ಎಂದು ತಕ್ಷಣ ಅಂದುಕೊಳ್ಳಬೇಡಿ. ಫೀಡ್‌ಬ್ಯಾಕ್ ಕೇಳಿ, ತಡವರಿಸಿದ ಪ್ರಶ್ನೆಗಳನ್ನು ಅದೇ ಸಂಜೆ ಬರೆದಿಡಿ. ಮುಂದಿನ ಇಂಟರ್‌ವ್ಯೂನ ತಯಾರಿ ಆ ಪಟ್ಟಿಯಿಂದಲೇ ಶುರುವಾಗಲಿ.