ಒಂದು ಚದರಡಿ ನೆಲ, ಆರು ಗುಂಟೆ ಬೇರು

ಬೈಲಹೊಂಗಲ, ಸವದತ್ತಿ ಸೀಮೆಯ ಎರೆ ಹೊಲಕ್ಕೆ ಹಿಂಗಾರಿ ಬಿಳಿಜೋಳ ಬಿದ್ದ ಮೇಲೆ ಮಳೆಯನ್ನು ಹೆಚ್ಚು ನೆಚ್ಚುವಂತಿಲ್ಲ. ತೆನೆ ಬಲಿಯುವವರೆಗೂ ಬೆಳೆ ಬದುಕುವುದು ಮಣ್ಣೊಳಗಿನ ಹಸಿಯ ಮೇಲೆ. ಅದನ್ನು ಹುಡುಕಿ ಹೀರಲು ಒಂದು ಗಿಡಕ್ಕೆ ಎಷ್ಟು ಬೇರು ಬೇಕು?

ಜೋಳದಂತೆ ಹುಲ್ಲಿನ ಕುಲಕ್ಕೇ ಸೇರಿದ ರೈ ಧಾನ್ಯದಲ್ಲಿ ಇದನ್ನು ಲೆಕ್ಕ ಹಾಕಿದವರು ಅಮೆರಿಕದ ಅಯೋವಾದ ಹೊವಾರ್ಡ್ ಡಿಟ್‌ಮರ್. ಒಂದಡಿ ಉದ್ದ, ಒಂದಡಿ ಅಗಲ, 22 ಅಂಗುಲ ಆಳದ ಪೆಟ್ಟಿಗೆಯಲ್ಲಿ ಒಂದೇ ಗಿಡವನ್ನು ನಾಲ್ಕು ತಿಂಗಳು ಬೆಳೆಸಿ, ಮಣ್ಣು ತೊಳೆದು ಅಳೆದರು. 1937ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಬೇರುಗಳು 1.38 ಕೋಟಿ, ಒಟ್ಟು ಉದ್ದ 623 ಕಿಲೋಮೀಟರ್. ಬೈಲಹೊಂಗಲದಿಂದ ಬೆಂಗಳೂರಿಗೆ ಎಳೆದರೂ ನೂರು ಕಿಲೋಮೀಟರಿಗೂ ಹೆಚ್ಚು ಮಿಗುತ್ತದೆ! ಬೇರಿನ ಮೈಮೇಲೆ ಮೂಡುವ ನವಿರು ಕೂದಲಿನಂಥ ಬೇರುರೋಮಗಳು 1,433 ಕೋಟಿ. ಭಾರತದ ಜನಸಂಖ್ಯೆಯ ಸುಮಾರು ಹತ್ತು ಪಟ್ಟು. ಅವುಗಳ ಉದ್ದ 10,600 ಕಿಲೋಮೀಟರ್ ದಾಟುತ್ತದೆ. ನಾಲ್ಕು ತಿಂಗಳಿಗೆ ಹಂಚಿದರೆ, ಹಗಲು ರಾತ್ರಿ ಸೇರಿ ಸೆಕೆಂಡಿಗೆ ಸರಾಸರಿ 1,300ಕ್ಕೂ ಹೆಚ್ಚು ಹೊಸ ರೋಮ. ಬೇರು, ರೋಮಗಳ ಮೈಯನ್ನೆಲ್ಲ ಹರವಿದರೆ 6,875 ಚದರಡಿ, ಅಂದರೆ ಆರು ಗುಂಟೆಗೂ ಮಿಗಿಲು. ಗಿಡ ನಿಂತಿದ್ದ ನೆಲ ಒಂದೇ ಚದರಡಿ.

ನಮ್ಮ ಜೋಳದ ಅಂಕಿಗಳು ಬೇರೆಯಿರಬಹುದು, ಬೇರು ಹರಡುವ ಬಗೆ ಮಾತ್ರ ಇದೇ. ಜೋಳದ ಬೇರಿನೊಳಗೆ ಬೇರನ್ನು ದಪ್ಪಗೊಳಿಸುವ ಕ್ಯಾಂಬಿಯಂ ಎಂಬ ಪದರ ಇಲ್ಲ, ಹಾಗಾಗಿ ಹುಟ್ಟಿದ ಬೇರು ಮುಂದೆ ದಪ್ಪವಾಗದು. ಹೆಚ್ಚು ನೀರು ಸಾಗಿಸಬೇಕೆಂದರೆ ಬುಡದ ಗಿಣ್ಣಿನಿಂದ ಹೊಸ ಬೇರು ಇಳಿಯಬೇಕು.

ಪಕ್ಕದ ಹೊಲದ ಹತ್ತಿಯದು ಬೇರೆಯದೇ ದಾರಿ. ಬಿಡಿಸಿ ಮುಗಿದ ಗಿಡವನ್ನು ಕಿತ್ತು ತಾಯಿಬೇರನ್ನು ಕಣ್ಣ ಹತ್ತಿರ ಹಿಡಿದು ನೋಡಿ: ಕವಲುಬೇರುಗಳು ಸಾಮಾನ್ಯವಾಗಿ ನಾಲ್ಕು ಸಾಲಿನಲ್ಲಿ ಹೊರಟಿರುತ್ತವೆ. ಎಳೆಬೇರಿನ ನಡುವೆ ನೀರು ಸಾಗಿಸುವ ಕ್ಸೈಲಂ ನಾಲ್ಕು ತೋಳು ಚಾಚಿತ್ತು ಎಂಬುದರ ಗುರುತು ಅದು. ಆ ತೋಳುಗಳ ಮತ್ತು ಅವುಗಳ ನಡುವಿನ, ಆಹಾರ ಸಾಗಿಸುವ ಫ್ಲೋಯಂನ ಮಧ್ಯೆ ಕ್ಯಾಂಬಿಯಂ ಹುಟ್ಟಿ, ಒಳಕ್ಕೆ ಕ್ಸೈಲಂ, ಹೊರಕ್ಕೆ ಫ್ಲೋಯಂ ಕಟ್ಟುತ್ತ ಹೋಗುತ್ತದೆ. ಬೇರು ಉಬ್ಬಿದಂತೆ ಹಳೆಯ ಹೊರಚರ್ಮ ಹರಿದು ಉದುರುತ್ತದೆ; ಒಳಗಿನ ಪೆರಿಸೈಕಲ್ ಪದರದಿಂದ ಬೆಂಡಿನಂಥ ತೊಗಟೆ ಮೂಡುತ್ತದೆ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ: ದಪ್ಪವಾದ ಕಡೆ ಬೇರುರೋಮಗಳೇ ಇರುವುದಿಲ್ಲ, ನೀರು ಹೀರುವ ಕೆಲಸ ಬಹುಪಾಲು ನಿಂತಿರುತ್ತದೆ. ಬಲಿತ ಬೇರು ನೀರು ಸಾಗಿಸುತ್ತದೆ, ಗಿಡವನ್ನು ಹಿಡಿದು ನಿಲ್ಲಿಸುತ್ತದೆ. ನೀರು ಕುಡಿಯುವುದು ಮುಖ್ಯವಾಗಿ ತುದಿಯ ಹತ್ತಿರದ ಎಳೆ ಭಾಗ. ಅಲ್ಲಿನ ಒಂದೊಂದು ರೋಮದ ಆಯುಸ್ಸೂ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ.